ಹೂವಿನ ಗೋದಾಮಿನ ಡಚ್ ಅಕ್ಕ

ಈಗಲೂ ಬೆಳಗಿನ ಹೊತ್ತು ಹಾಲೆಂಡಿನಿಂದ ಫೋನ್ ಬಂದರೆ, ಆ ಕಡೆಯ ಹೂಬೆಳೆಗಾರರಲ್ಲಿ ಕೆಲವರು ನನ್ನ ಧ್ವನಿ ಕೇಳಿದ ಕೂಡಲೇ "ಮೆವ್ರಾವ್ ಇಲ್ಲವೇ?" ಎನ್ನುತ್ತಾರೆ. ಮೆವ್ರಾವ್ ಎಂದರೆ ಅಮ್ಮನವರು. ಅಮ್ಮನವರು ನಿವೃತ್ತರಾಗಿದ್ದಾರೆ, ಅವರ ಕುರ್ಚಿಯಲ್ಲಿ ಈಗ ನಾನಿದ್ದೇನೆ ಎಂದು ಅವರದೇ ಭಾಷೆಯಲ್ಲಿ ಹೇಳುತ್ತೇನೆ. ಅವರು "ಓ..." ಎಂದು ಉದ್ದಕ್ಕೆ ಎಳೆಯುತ್ತಾರೆ. ಆ ಎಳೆತದಲ್ಲಿ ನನ್ನ ಬಗೆಗಿನ ಒಟ್ಟು ಅಭಿಪ್ರಾಯ ಅಡಗಿದೆ ಎಂದು ನನ್ನ ಅನುಮಾನ. "ಅದು ಬರೀ ಓ ಕಣ್ರೀ. ಎಲ್ಲಾದಕ್ಕೂ ತಲೆ ಕೆಡಿಸ್ಕೋಬೇಡಿ" ಎನ್ನುತ್ತಾಳೆ ಹೆಂಡತಿ. ಎಲ್ಲದಕ್ಕೂ ತಲೆ ಕೆಡಿಸಿಕೊಳ್ಳುವುದೇ ನನ್ನ ಮುಖ್ಯ ಕೆಲಸ. ಕಂಪನಿಯ ಲೆಕ್ಕ ನೋಡುವುದು ಬಿಡುವಿನ ವೇಳೆಯ ಹವ್ಯಾಸ ಎನ್ನಬಹುದು.

ನಮ್ಮ ಗೋದಾಮು ಇರುವುದು ದುಬೈಯ ಅಲ್ ಕೂಜ್‌ನಲ್ಲಿ. ಒಂದು ಪಕ್ಕ ಟೈರಿನವರು, ಇನ್ನೊಂದು ಪಕ್ಕ ಅಲ್ಯೂಮಿನಿಯಂ ಕಿಟಕಿ ಕೊರೆಯುವವರು, ನಡುವೆ ನಾವು: ಟ್ಯೂಲಿಪ್, ಲಿಲ್ಲಿ, ಗುಲಾಬಿ. ವಿಮಾನದಲ್ಲಿ ಬಂದಿಳಿದ ಹೂವಿನ ಪೆಟ್ಟಿಗೆಗಳು ಇಲ್ಲಿನ ಕೋಲ್ಡ್ ರೂಮಿನಲ್ಲಿ ಸ್ವಲ್ಪ ದಣಿವಾರಿಸಿಕೊಂಡು ಹೋಟೆಲುಗಳಿಗೂ ಮದುವೆ ಹಾಲುಗಳಿಗೂ ಹೊರಡುತ್ತವೆ. ಹೊರಗೆ ವ್ಯಾನಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು. ಒಳಗೆ ಬಾಯಿ ತೆರೆದರೆ ಉಸಿರು ಹೊಗೆಯಾಗಿ ಕಾಣುವ ಚಳಿ. ಒಳಗಿನಿಂದ ಹೊರಗೆ ಬಂದೊಡನೆ ನನ್ನ ಕನ್ನಡಕ ಪೂರ್ತಿ ಮಂಜಾಗುತ್ತದೆ. ಹೀಗಾಗಿ ದಿನಕ್ಕೆ ಹಲವು ಸಲ ನಾನು ದುಬೈಯನ್ನು ಕಾಣುವುದು ಮಂಜಿನೊಳಗೆ ತೇಲುವ ಊರಾಗಿ. ರಸ್ತೆ, ಕಂಟೇನರು, ಮಸೀದಿಯ ಗೋಪುರ ಎಲ್ಲವೂ ಯಾರೋ ನಿದ್ದೆಯಲ್ಲಿ ಬಿಡಿಸಿದ ಚಿತ್ರದ ಹಾಗೆ.

ಆ ಚಳಿಯ ಕೋಣೆಯ ಮೂಲೆಯಲ್ಲಿ, ನೀಲಗಿರಿ ಎಲೆಯ ಬಕೆಟ್ಟುಗಳ ಪಕ್ಕ, ಅಕ್ಕನ ಮೇಜಿತ್ತು. ಎಲ್ಲರಿಗೂ ಅವರು ಅಕ್ಕನೇ. ಪೆಶಾವರದ ಡ್ರೈವರು ಕೂಡ "ಅಕ್ಕಾ, ಯಲ್ಲಾ" ಎಂದು ಅರಬ್ಬಿಯಲ್ಲಿ ಅವಸರಪಡಿಸುತ್ತಿದ್ದ. ಉಡುಪಿ ಕಡೆಯವರು, ಮನೆಮಾತು ತುಳು. ಗಿಡ್ಡ ಆಕೃತಿ, ಸಲ್ವಾರಿನ ಮೇಲೆ ತೀರಿಹೋದ ಗಂಡನ ಕಪ್ಪು ಉಣ್ಣೆಯ ಕೋಟು. ತೋಳು ಎರಡು ಮಡಿಕೆ ಮಡಚಿದರೂ ಬೆರಳ ತುದಿ ಮಾತ್ರ ಹೊರಗೆ. ಮದುವೆಯಾಗಿ ಹಾಲೆಂಡಿಗೆ ಹೋದವರು. ಗಂಡ ಅಲ್ಲಿ ಹೂವಿನ ಗಾಜಿನಮನೆಗಳಲ್ಲಿ ಕೆಲಸಕ್ಕಿದ್ದರು. ಅವರು ತೀರಿಕೊಂಡ ಮೇಲೆ, ದುಬೈಯ ಸತ್ವಾದಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ತಮ್ಮನ ಹತ್ತಿರ ಬಂದರು. ಬರುವಾಗ ಕಾಲೇಜಿನಲ್ಲಿದ್ದ ಮಗನನ್ನು ಅಲ್ಲೇ ಬಿಟ್ಟರು.

"ಎಲ್ಲರ ಮಕ್ಕಳು ತಾಯಿಯನ್ನು ಬಿಟ್ಟು ಹೋಗ್ತಾರೆ" ಎಂದಿದ್ದರು ಒಮ್ಮೆ, ಟ್ಯೂಲಿಪ್ ಎಣಿಸುತ್ತಾ, ನನ್ನ ಕಡೆ ನೋಡದೆ. "ನಮ್ಮದು ಉಲ್ಟಾ. ಬಿಟ್ಟು ಬಂದದ್ದು ನಾನು. ಆ ಮನೆಯಲ್ಲಿ ಇವರ ಚಪ್ಪಲಿ ನೋಡಿಕೊಂಡು ಇರ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಅವನಿಗೂ ಆಗ್ತಿರ್ಲಿಲ್ಲ ಅಂತ ನನಗೆ ಆಗ ಹೊಳೆಯಲಿಲ್ಲ."

ಆಮೇಲೆ ತಾಯಿ ಮಗನ ನಡುವೆ ಉಳಿದದ್ದು ಹುಟ್ಟುಹಬ್ಬದ ದಿನದ ಒಂದೊಂದು ಮೆಸೇಜು. ಈಗ ಅಕ್ಕನಿಗೆ ಕೆಲಸ ಮುಗಿಯುವ ವಯಸ್ಸು. ಇಲ್ಲಿ ಕೆಲಸ ಮುಗಿದರೆ ವೀಸಾ ಖಲಾಸ್, ವೀಸಾ ಖಲಾಸ್ ಆದರೆ ಊರು ಖಲಾಸ್. ಉಡುಪಿಯಲ್ಲಿ ಒಂದು ಫ್ಲಾಟು ಇತ್ತು, ತಮ್ಮ ಅಲ್ಲಿಗೆ ಹೋಗು ಎನ್ನುತ್ತಿದ್ದರು. ಅಕ್ಕನಿಗೆ ಮಗನ ಹತ್ತಿರ ಹೋಗಬೇಕು. ಆದರೆ ಅದನ್ನು ಅವನಿಗೆ ಹೇಳಿರಲಿಲ್ಲ. ಅವನು ಬೇಡ ಎಂದುಬಿಟ್ಟರೆ? ಆ ಪ್ರಶ್ನೆಯನ್ನು ಅವರು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ನನಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು, ಬಹುಶಃ ಲಿಲ್ಲಿಗಳಿಗೂ.

ನನಗೆ ನನ್ನದೇ ಭಯವಿತ್ತು. ಅಕ್ಕ ಹೋದ ಮೇಲೆ ಬೆಳೆಗಾರರ ಜತೆ ನೀನೇ ಮಾತಾಡು ಎಂದು ನಮ್ಮ ಮುದೀರ್, ಅಂದರೆ ಮ್ಯಾನೇಜರ್, ನನಗೆ ಹೇಳಿಬಿಟ್ಟಿದ್ದ. ಅವರೆಲ್ಲರ ಇಂಗ್ಲಿಷು ನನ್ನದಕ್ಕಿಂತ ಚೆನ್ನಾಗಿದೆಯಲ್ಲ ಎಂದು ನಾನು ಅಕ್ಕನ ಮುಂದೆ ಗೊಣಗಿದೆ.

"ಇಂಗ್ಲಿಷಲ್ಲಿ ಕೇಳಿ ನೋಡಿ, ರೇಟು ಹೇಳ್ತಾರೆ" ಎಂದರು ಅಕ್ಕ. "ಡಚ್ಚಲ್ಲಿ ಕೇಳಿ, ತಮ್ಮ ನಾಯಿಗೆ ಹುಷಾರಿಲ್ಲ ಅಂತ ಶುರು ಮಾಡ್ತಾರೆ, ಆಮೇಲೆ ಒಳ್ಳೆಯ ರೇಟು ಹೇಳ್ತಾರೆ. ಎಂತ ಬೇಕು ನಿಮಗೆ?"

ಹೀಗೆ ಐವತ್ತರ ಹೊಸ್ತಿಲಲ್ಲಿ, ಮಂಡಿನೋವು, ಕೊಲೆಸ್ಟರಾಲ್ ಇತ್ಯಾದಿಗಳ ನಡುವೆ, ನಾನು ಡಚ್ ಕಲಿಯಲು ಕೂತೆ.

ಮೊದಲ ಸ್ವತಂತ್ರ ಕರೆ ಮಾಡಿದ್ದು ಒಬ್ಬ ಲಿಲ್ಲಿ ಬೆಳೆಗಾರನಿಗೆ. ಹಿಂದಿನ ಗುರುವಾರದ ಪೆಟ್ಟಿಗೆ ಬಂದಿರಲಿಲ್ಲ, ಅದನ್ನು ಕೇಳಬೇಕು. ನಾನು ಮೈಸೂರಿನವನು, ನೇರವಾಗಿ ವಿಷಯಕ್ಕೆ ಬರುವುದೆಂದರೆ ಚಪ್ಪಲಿ ಹಾಕಿಕೊಂಡೇ ದೇವರ ಮನೆಗೆ ಹೋದಂತೆ. ಹವಾಮಾನ ವಿಚಾರಿಸಿದೆ. ಮನೆಯವರನ್ನು ವಿಚಾರಿಸಿದೆ. ಮಾತು ಮುಗಿದುಹೋದದ್ದರಿಂದ ಗಾಬರಿಯಾಗಿ ಹವಾಮಾನವನ್ನು ಇನ್ನೊಮ್ಮೆ ವಿಚಾರಿಸಿದೆ. ನನ್ನ ಒಂದೊಂದು ವಾಕ್ಯವೂ "ಇಕ್" ಎಂದೇ, ಅಂದರೆ "ನಾನು" ಎಂದೇ ಶುರುವಾಗುತ್ತಿತ್ತು. ನಾನು ಕೇಳುತ್ತೇನೆ, ನಾನು ಭಾವಿಸುತ್ತೇನೆ, ನಾನು ಆಶಿಸುತ್ತೇನೆ. ಲಿಲ್ಲಿಯ ಬಳಿ ಬರುವಷ್ಟರಲ್ಲಿ ಆ ಪುಣ್ಯಾತ್ಮ ಶುಭದಿನ ಹಾರೈಸಿ ಫೋನಿಟ್ಟಿದ್ದ.

ಅಕ್ಕ ನಕ್ಕು ನಕ್ಕು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. "ಲಿಲ್ಲಿ ಕೇಳ್ಲಿಕ್ಕೆ ಅವನ ಅಜ್ಜಿಯ ಸೊಂಟನೋವಿನಿಂದ ಶುರು ಮಾಡಿದ್ರಾ ಮಾರಾಯ್ರೆ? ಮತ್ತೆ, ಎಲ್ಲಾ ಮಾತಿಗೂ ಮುಂದೆ ನೀವೇ ಹೋಗಿ ನಿಲ್ಲಬೇಕಾ? ಸ್ವಲ್ಪ ಹಿಂದೆ ನಿಲ್ಲಿ. ಬೇರೆಯವರಿಗೂ ಜಾಗ ಬಿಡಿ."

"ಮತ್ತೆ ಯಾರನ್ನ ನಿಲ್ಲಿಸ್ಲಿ ಅಕ್ಕ?"

"ಅವನ ತಲೆಯಲ್ಲಿ ಆಗಲೇ ಎಂತ ಉಂಟೋ ಅದನ್ನು."

ಅವರ ಪಾಠವೆಲ್ಲ ಹೀಗೆ, ಪೆಟ್ಟಿಗೆ ಒಡೆಯುತ್ತಾ, ತೊಟ್ಟು ಕತ್ತರಿಸುತ್ತಾ. ಡಚ್ ವಾಕ್ಯದಲ್ಲಿ ಕ್ರಿಯಾಪದಕ್ಕೆ ಎರಡನೇ ಕುರ್ಚಿ ಯಾವತ್ತೂ ಮೀಸಲು ಎನ್ನುತ್ತಿದ್ದರು. ಮೊದಲ ಕುರ್ಚಿಗೆ ಯಾರು ಬೇಕಾದರೂ ಬರಬಹುದು: ಲಿಲ್ಲಿ ಬರಬಹುದು, ನಿನ್ನೆ ಬರಬಹುದು, ದುಬೈ ಬರಬಹುದು. ಯಾರನ್ನು ಕೂರಿಸಬೇಕು ಎಂಬುದನ್ನು ಕೇಳುವವನ ಮುಖ ನೋಡಿ ತೀರ್ಮಾನಿಸಬೇಕು. "ದೀ ದೋಸ್ ಹೆಬ್ ಇಕ್ ನೀತ್ ಖೆಕ್ರೇಖನ್" ಎಂದು ಒಂದೊಂದು ಕುರ್ಚಿಗೆ ಒಂದೊಂದು ಗುಲಾಬಿಯನ್ನು, "ದೀ ದೋಸ್" ಎಂಬ ಜೋಡಿಗೂ ಒಂದನ್ನೇ, ಮೇಜಿನ ಮೇಲಿಟ್ಟು ತೋರಿಸಿದರು. ಆ ಪೆಟ್ಟಿಗೆ ನನಗೆ ಸಿಕ್ಕಿಲ್ಲ. ಪೆಟ್ಟಿಗೆಯ ವಿಷಯ ಅವನಿಗೆ ಗೊತ್ತು, ಅದು ಮೊದಲು. ಸಿಗಲಿಲ್ಲ ಎನ್ನುವುದು ಗೊತ್ತಿಲ್ಲ, ಅದು ಕೊನೆಗೆ. "ಇಕ್" ಎಂಬ ನಾನು ಮೂರನೆಯ ಗುಲಾಬಿಯಾಗಿ, ಎಲೆಯ ಮರೆಯಲ್ಲಿ.

"ನಿಮ್ಮ ಕನ್ನಡದಲ್ಲೂ ಇದೇ ಅಲ್ವಾ?" ಎಂದರು. "ಪೆಟ್ಟಿಗೆ ಎಲ್ಲಿ ಅಂತ ಕೇಳಿದ್ರೆ ಎಂತ ಹೇಳ್ತೀರಿ?"

"ಪೆಟ್ಟಿಗೇನ ನಿನ್ನೆನೇ ಕಳಿಸಿದೆ ಅಂತೀನಿ."

"ನಿನ್ನೆ ಎಂತ ಕಳಿಸಿದ್ರಿ ಅಂತ ಕೇಳಿದ್ರೆ?"

"ನಿನ್ನೆ ಒಂದು ಪೆಟ್ಟಿಗೆ ಕಳಿಸಿದೆ."

"ಹಾಂ. ಪೆಟ್ಟಿಗೆ ಒಮ್ಮೆ ನಿನ್ನೆಯ ಆಚೆ, ಒಮ್ಮೆ ಈಚೆ. ಅವರೂ ಹಾಗೆಯೇ ದಾಟಿಸ್ತಾರೆ. ಗೊತ್ತಿರುವ ಪೆಟ್ಟಿಗೆ ಮುಂದೆ ಬರ್ತದೆ, ಹೊಸ ಪೆಟ್ಟಿಗೆ ಕೊನೆಯ ಹತ್ತಿರ ಕೂತ್ಕೊಳ್ತದೆ. ಇಷ್ಟು ವರ್ಷ ನಿಮಗೆ ಗೊತ್ತಿಲ್ಲದೆ ಮಾಡಿಕೊಂಡು ಬಂದದ್ದನ್ನು ಈಗ ಗೊತ್ತಿದ್ದು ಮಾಡಿ, ಅಷ್ಟೇ."

ಹೇಳಲು ಹಳೆಯದು ಏನೂ ಇಲ್ಲದಿದ್ದರೆ? ಅದಕ್ಕೂ ಆ ಜನ ಉಪಾಯ ಮಾಡಿಕೊಂಡಿದ್ದಾರೆ. "ಎರ್" ಎಂಬ ಅರ್ಥವಿಲ್ಲದ ಒಂದು ಪುಟ್ಟ ಪದವನ್ನು ಮೊದಲ ಕುರ್ಚಿಯಲ್ಲಿ ಸುಮ್ಮನೆ ಕೂರಿಸುತ್ತಾರಂತೆ, ಹೊಸ ಅತಿಥಿ ಹಿಂದಿನಿಂದ ಮೆಲ್ಲಗೆ ಬರಲಿ ಎಂದು. ಈ ಸೌಜನ್ಯ ನನಗೆ ಬಹಳ ಹಿಡಿಸಿತು.

ಅಂದಿನಿಂದ ನನ್ನ ನಿದ್ದೆ ಒಂದು ದೊಡ್ಡ ಮದುವೆ ಮಂಟಪವಾಯಿತು. ಪದಗಳೆಲ್ಲ ಜರತಾರಿ ಪಂಚೆ ಉಟ್ಟು ಬರುತ್ತಿದ್ದವು, ನಾನು ಬಾಗಿಲಲ್ಲಿ ನಿಂತು ಯಾರನ್ನು ಎಲ್ಲಿ ಕೂರಿಸಲಿ ಎಂದು ಬೆವರುತ್ತಿದ್ದೆ. ಎರಡನೇ ಕುರ್ಚಿಯಲ್ಲಿ ಯಾರದೋ ಸೋದರಮಾವ ಕೂತು ಏಳುತ್ತಲೇ ಇರಲಿಲ್ಲ. ಎಚ್ಚರವಿದ್ದಾಗಲೂ ಕಾಟ ತಪ್ಪಲಿಲ್ಲ. ಒಂದು ಸಂಜೆ ಊಟಕ್ಕೆ ಕೂತು, ಕೇಳುವವರ ಮನಸ್ಸಿನಲ್ಲಿರುವುದನ್ನು ಮುಂದಿಟ್ಟುಕೊಂಡು, "ಈ ಸಾರನ್ನ, ನೀನು ಇವತ್ತು, ಬೆಳಗ್ಗೆ..." ಎಂದು ಶುರುಮಾಡಿದೆ. "ಉಪ್ಪು ಜಾಸ್ತಿನೋ ಕಮ್ಮಿನೋ ಅಷ್ಟು ಹೇಳ್ರೀ" ಎಂದಳು ಹೆಂಡತಿ. "ಅಪ್ಪಾ, ಜಸ್ಟ್ ಸೇ ಇಟ್" ಎಂದಳು ಮಗಳು, ಫೋನಿನಿಂದ ತಲೆಯೆತ್ತದೆ.

ಅಕ್ಕನ ಒಂದು ಅಭ್ಯಾಸ ಮಾತ್ರ ನನಗೆ ಕೊನೆಗೂ ಬರಲಿಲ್ಲ. ಫೋನಿನ ಆ ಕಡೆ ಯಾರಾದರೂ ಎತ್ತಿಕೊಂಡ ಮೇಲೆ ಅವರು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಮೊದಮೊದಲು ದೇವರನ್ನು ನೆನೆಯುತ್ತಾರೆ ಎಂದುಕೊಂಡಿದ್ದೆ.

"ಅಲ್ಲ ಮಾರಾಯ್ರೆ, ಅವನನ್ನು ನೋಡ್ತೇನೆ" ಎಂದರು. "ಅಡುಗೆಮನೆಯಲ್ಲಿ ನಿಂತಿದ್ದಾನಾ, ಗಾಜಿನಮನೆಯಲ್ಲಾ? ಕಾಫಿ ಆಗಿದೆಯಾ? ನಿನ್ನೆಯ ಗಾಳಿಗೆ ಎಷ್ಟು ಹೂ ಹೋಯ್ತು ಅಂತ ಲೆಕ್ಕ ಹಾಕ್ತಿದ್ದಾನಾ? ಅಷ್ಟು ಕಂಡರೆ ಯಾವ ಪದ ಮೊದಲು ಬರಬೇಕು ಅಂತ ಅದಕ್ಕೇ ಗೊತ್ತಾಗ್ತದೆ."

ಅವರು ನೋಡುತ್ತಿದ್ದದ್ದು ನನಗೂ ಸ್ವಲ್ಪ ಕಾಣುತ್ತಿತ್ತು. ಅಲ್ಲಿ ಕೆಲವು ಕಡೆ ಕಾಲುವೆಯ ನೀರು ರಸ್ತೆಗಿಂತ ಎತ್ತರದಲ್ಲಿರುತ್ತದಂತೆ; ಹೊಲದಲ್ಲಿ ನಿಂತರೆ ದೋಣಿಗಳು ತಲೆಯ ಮೇಲೆ ಹೋದ ಹಾಗೆ ಕಾಣುತ್ತದಂತೆ. ಅಕ್ಕ ಇದನ್ನು ಹೇಳಿದ ದಿನ ನಾನು ಹೊರಗೆ ಬಂದು, ಮಸುಕಾದ ಕನ್ನಡಕದಲ್ಲಿ, ಟೈರಿನ ಅಂಗಡಿಯ ಮೇಲೆ ಒಂದು ದೋಣಿ ಸದ್ದಿಲ್ಲದೆ ದಾಟಿಹೋಗುವುದನ್ನು ಕಂಡೆ. ಕನ್ನಡಕ ಒರೆಸಿದರೆ ಕ್ರೇನು.

ಅವರ ಕೊನೆಯ ವಾರಗಳು ಬಂದವು. ಒಂದು ಬೆಳಗ್ಗೆ ವ್ಯಾನುಗಳೆಲ್ಲ ಹೊರಟು ಕೋಣೆ ಖಾಲಿಯಾದಾಗ ಅಕ್ಕ ಗುಲಾಬಿಯ ಒಂದು ಪೆಟ್ಟಿಗೆಯನ್ನು ತಮ್ಮೆದುರು ಎಳೆದು, "ಕೂತ್ಕೊಳ್ಳಿ ಇಲ್ಲಿ. ಈಗ ನೀವು ನನ್ನ ಮಗ" ಎಂದರು.

"ನಾನೇನು ಮಾತಾಡ್ಲಿ ಅಕ್ಕ?"

"ಎಂತದೂ ಬೇಡ. ಅವನೂ ಮಾತಾಡುವ ಜನ ಅಲ್ಲ."

ನಾನು ಮಗನ ಮುಖ ಮಾಡಿಕೊಂಡು ಕೂತೆ. ಅಕ್ಕ ಕಣ್ಣು ಮುಚ್ಚಿದರು. "ನನ್ನ ಕೆಲಸ..." ಎಂದು ಡಚ್ಚಿನಲ್ಲಿ ಶುರುಮಾಡಿ ನಿಲ್ಲಿಸಿದರು. "ಹ್ಞೂಂ, ನನ್ನ ಕೆಲಸ ಎಂತದು ಅಂತಲೇ ಅವನಿಗೆ ಸರಿಯಾಗಿ ಗೊತ್ತಿರ್ಲಿಕ್ಕಿಲ್ಲ." ಮತ್ತೆ ಶುರುಮಾಡಿದರು. "ಆ ಮನೆ..." ಅದನ್ನೂ ಬಿಟ್ಟರು. ಅವನು ಆ ಮನೆ ಬಿಟ್ಟು ಬೇರೆ ಕಡೆ ಹೋಗಿದ್ದ; ಹೊಸದನ್ನು ಇವರು ನೋಡಿರಲಿಲ್ಲ. "ಅಪ್ಪ ಇದ್ದಿದ್ದರೆ..." ಎಂದು, ತಕ್ಷಣ ತಾವೇ ತಡೆದರು. "ಛೆ, ಇದಕ್ಕೆ ಅವರನ್ನು ಎಳೆದು ತರಬಾರದು."

"ಆ ಖಾಲಿ ಕುರ್ಚಿ ಹಾಕಿದ್ರೆ?" ಎಂದೆ ನಾನು, ಮಗನ ಪಾತ್ರ ಮರೆತು. "ಎರ್ ಅಂತ. ಒಂದು ವಿಷಯ ಇದೆ ಅಂತ."

"ಹಾಗೆ ಹೇಳಿದ್ರೆ ನಾನು ಸಾಯ್ತಿದ್ದೇನೆ ಅಂತ ತಿಳ್ಕೊಳ್ತಾನೆ. ಹೆದರಿಸಿ ಜಾಗ ಕೇಳುವುದಾ?"

"ಹಂಗಾದ್ರೆ 'ನಾನು' ಅಂತಲೇ ಶುರು ಮಾಡಿಬಿಡಿ."

"ನಾನು ನಾನು ಅಂತ ತಾನೇ ಬಿಟ್ಟು ಬಂದದ್ದು" ಎಂದರು ಅಕ್ಕ.

ಕೋಣೆಯ ಫ್ಯಾನು ಒಂದೇ ಸಮನೆ ಗುಯ್ಗುಟ್ಟುತ್ತಿತ್ತು. ಎಲ್ಲರ ಅಡುಗೆಮನೆಯನ್ನೂ ಕಣ್ಣು ಮುಚ್ಚಿ ಕಾಣಬಲ್ಲವರು ಈಗ ಕಣ್ಣು ತೆರೆದು, ನನ್ನ ಮುಖವನ್ನು ಹುಡುಕುವ ಹಾಗೆ ನೋಡಿದರು.

"ಕಾಣುವುದೇ ಇಲ್ಲ" ಎಂದರು. "ಅವನ ತಲೆಯಲ್ಲಿ ಈಗ ಎಂತ ಉಂಟು ಅಂತ ನನಗೆ ಒಂದು ಚೂರೂ ಗೊತ್ತಿಲ್ಲ. ಮತ್ತೆ ಎಲ್ಲಿಂದ ಶುರು ಮಾಡುವುದು?"

ಚಿಂತೆಯಲ್ಲಿ ನನಗೆ ದೊಡ್ಡ ಅನುಭವವಿದೆ. ಆದರೆ ಅದೆಲ್ಲ ನಡೆಯದೇ ಹೋಗುವ ಸಂಗತಿಗಳ ಬಗೆಗಿನ ಚಿಂತೆ. ಇದು ಬೇರೆ ಜಾತಿಯದು.

ಆ ಭಾನುವಾರ ನಾನು ಸತ್ವಾಕ್ಕೆ ಹೋದೆ, ಎರಡು ಪ್ಯಾಂಟುಗಳ ಸೊಂಟ ಸಡಿಲಿಸಲು. ಅವು ಕುಗ್ಗಿವೆ ಎಂಬ ನನ್ನ ವಾದವನ್ನು ಅಕ್ಕನ ತಮ್ಮ ಮರ್ಯಾದೆಯಿಂದ ಒಪ್ಪಿಕೊಂಡು ಟೇಪು ಹಿಡಿದರು. ಅಕ್ಕ ಇಸ್ತ್ರಿ ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂತು ಫೋನನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದರು.

"ಅಕ್ಕ, ಮಾಡಿ ಬಿಡು ಒಮ್ಮೆ" ಎಂದರು ತಮ್ಮ.

"ನೀನು ಸುಮ್ಮನಿರು. ನಿನಗೆಂತ ಗೊತ್ತುಂಟು?"

"ನನಗೆಂತದೂ ಗೊತ್ತಿಲ್ಲ. ಆದ್ರೆ ಇವತ್ತು ಮಾಡು."

ನಾನು ಎದ್ದು ಹೊರಡಲು ಹವಣಿಸಿದೆ. "ಕೂತ್ಕೊಳ್ಳಿ ನೀವು" ಎಂದು ಗದರಿಸಿ ಅಕ್ಕ ನಂಬರು ಒತ್ತಿದರು. ಅವರಿಗೆ ಕಿವಿ ತುಸು ಮಂದವಾದ್ದರಿಂದ ಮಾತಾಡುವುದು ಯಾವಾಗಲೂ ಸ್ಪೀಕರಿನಲ್ಲೇ. ರಿಂಗು ಅಂಗಡಿಯ ತುಂಬ ಕೇಳಿಸಿತು. ಬೀದಿಯಲ್ಲಿ ಒಂದು ಬಸ್ಸು ನಿಂತು ಹೊರಟಿತು. ಗೋಡೆಯಲ್ಲಿ ತೂಗುಹಾಕಿದ್ದ ಯಾರದೋ ಅರ್ಧ ಹೊಲಿದ ಬಿಳಿ ನಿಲುವಂಗಿ ಎ.ಸಿ. ಗಾಳಿಗೆ ಮೆಲ್ಲಗೆ ಉಸಿರಾಡುತ್ತಿತ್ತು.

ಆ ಕಡೆ ಫೋನ್ ಎತ್ತಿದ ಸದ್ದು. ಅಕ್ಕ ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಮುಚ್ಚಿದರೆಂದರೆ ತಮ್ಮ ಟೇಪನ್ನು ನನ್ನ ಸೊಂಟದ ಸುತ್ತ ಹಿಡಿದವರು ಹಾಗೇ ನಿಂತುಬಿಟ್ಟರು. ಅಷ್ಟು ದಿನ ಕೂರಿಸಿ ಎಬ್ಬಿಸಿ ನೋಡಿದ ಪದಗಳಲ್ಲಿ ಒಂದೂ ಬರಲಿಲ್ಲ. ಕೊನೆಗೆ ಬಂದದ್ದು "ಮಗಾ" ಎಂಬ ಒಂದೇ ಕರೆ. ಅದೂ ತುಂಡಾಗಿ.

ಆ ಕಡೆಯಿಂದ ಒಬ್ಬ ಗಂಡಸಿನ ದಪ್ಪ ಧ್ವನಿ ಡಚ್ಚಿನಲ್ಲಿ ಹೇಳಿತು: "ಕೋಣೆ ಇನ್ನೂ ಒಣಗಿಲ್ಲ, ಅಮ್ಮ. ಕಿಟಕಿಯನ್ನು ಸ್ವಲ್ಪ ದಿನ ತೆರೆದೇ ಇಡಬೇಕಾಗುತ್ತದೆ ನೀನು."

ಅಕ್ಕ ಕಣ್ಣು ಬಿಟ್ಟರು. ಅವನು ಮಾತನ್ನು ನಡುವಿನಿಂದ ಎತ್ತಿಕೊಂಡಿದ್ದ. ನಿನ್ನೆಯೂ ಮೊನ್ನೆಯೂ ಆ ಕೋಣೆಯ ಬಗ್ಗೆಯೇ ಇಬ್ಬರೂ ಮಾತಾಡುತ್ತಿದ್ದರೇನೋ, ಇವತ್ತು ಅದರ ಮುಂದಿನ ಭಾಗವೇನೋ ಎಂಬ ಹಾಗೆ.

"ಯಾವ ಕೋಣೆ?" ಎಂದರು ಅಕ್ಕ.

"ನಿನ್ನದು."

ನನ್ನ ಸೊಂಟದ ಸುತ್ತಲಿನ ಟೇಪು ಸಡಿಲಾಯಿತು. ತಮ್ಮ ಸರಕ್ಕನೆ ಮೆಷಿನ್ನಿನ ಹಿಂದೆ ಹೋಗಿ ಸೂಜಿಗೆ ದಾರ ಪೋಣಿಸತೊಡಗಿದರು. ಅದರಲ್ಲಿ ಆಗಲೇ ದಾರ ಇತ್ತು.

ಅಕ್ಕ ಫೋನಿಗೆ ಕೈ ಅಡ್ಡ ಹಿಡಿದರು. "ಎಂತ ಹೇಳಿದೆ ನೀನು ಅವನಿಗೆ?"

"ನನಗೆ ಡಚ್ಚು ಎಲ್ಲಿ ಬರ್ತದೆ ಅಕ್ಕ?" ಎಂದರು ತಮ್ಮ, ತಲೆ ತಗ್ಗಿಸಿಕೊಂಡೇ. "ಇಂಗ್ಲಿಷಲ್ಲೇ ಹೇಳಿದೆ. ಮದರ್ ಕಮಿಂಗ್, ರೂಮ್ ರೆಡಿ ಮಾಡು ಅಂತ. ಅಷ್ಟೇ. ಒಂದು ಮಾತು ಕೇಳದೆ ಫೋನಿಟ್ಟ. ಸಿಟ್ಟು ಬಂತೇನೋ ಅಂತ ನನಗೂ ಈ ಒಂದು ವಾರ ನಿದ್ದೆ ಇಲ್ಲ."

ಅಕ್ಕ ತಮ್ಮನನ್ನು ಬೈಯುತ್ತಾರೆ ಎಂದುಕೊಂಡೆ. ಅವರು ಕೈ ತೆಗೆದು, ಮಗನನ್ನು ಡಚ್ಚಿನಲ್ಲಿ ಬೈದರು. ಒದ್ದೆ ಗೋಡೆಯ ಕೋಣೆಯಲ್ಲಿ ಈಗ ಅವನು ಮಲಗುತ್ತಿಲ್ಲ ತಾನೇ? ಬಣ್ಣ ಹೊಡೆಯುವಾಗ ಬಾಯಿಗೆ ಬಟ್ಟೆ ಕಟ್ಟಿದ್ದನೇ? ಅಪ್ಪನ ಕೆಮ್ಮು ಅವನಿಗೂ ಇದೆ ಎಂಬುದು ನೆನಪಿದೆಯೇ? ಒಂದರ ಮೇಲೊಂದು ಪ್ರಶ್ನೆ, ಉಸಿರು ತೆಗೆದುಕೊಳ್ಳದೆ. ಅವನು ಒಂದೊಂದಕ್ಕೂ "ಯಾ, ಅಮ್ಮ", "ನೇ, ಅಮ್ಮ" ಎಂದು ಹೌದು, ಇಲ್ಲ ಹೇಳುತ್ತಿದ್ದ. ಯಾವ ಪದ ಎಲ್ಲಿ ಕೂತಿದೆ ಎಂದು ನಾನು ಗಮನಿಸಲಿಲ್ಲ. ಎಲ್ಲವೂ ಅರ್ಥವಾಗುತ್ತಿತ್ತು ಎಂಬುದು ನನಗೆ ಹೊಳೆದದ್ದೇ ತುಂಬ ಹೊತ್ತಿನ ಮೇಲೆ, ಪ್ಯಾಂಟುಗಳನ್ನು ಅಲ್ಲೇ ಬಿಟ್ಟು ಬಸ್ ಸ್ಟಾಪಿನಲ್ಲಿ ನಿಂತಾಗ.

"ಯಾವ ಬಣ್ಣ ಹೊಡೆದಿದ್ದೀ?" ಎಂದು ಅಕ್ಕ ಕೇಳಿದ್ದರು.

"ಬಿಳಿ."

"ಬಿಳಿ ಬೇಡ. ಆಸ್ಪತ್ರೆಯ ಹಾಗೆ ಇರುತ್ತದೆ."

ಆ ಕಡೆ ಒಂದು ನಿಟ್ಟುಸಿರು. ಸಿಟ್ಟಿನದಲ್ಲ, ನಗು ತಡೆದದ್ದು. "ಮತ್ತೆ ಯಾವುದು ಬೇಕು?"

"ಖೇಲ್" ಎಂದರು ಅಕ್ಕ.

ಹಳದಿ. ಒಂದೇ ಪದ, ಹಿಂದೆ ಮುಂದೆ ಏನೂ ಇಲ್ಲದೆ.

"ಇವತ್ತು ಭಾನುವಾರ, ಅಮ್ಮ" ಎಂದ ಮಗ. "ನಮ್ಮೂರಲ್ಲಿ ಅಂಗಡಿ ತೆರೆದಿರುವುದಿಲ್ಲ. ನಾಳೆ ತರುತ್ತೇನೆ."